ಸಾಹಸ ಮತ್ತು ಶ್ವಾಸ: ಕುಸಿದ ಶ್ವಾಸಕೋಶ ಚೇತರಿಸಿಕೊಂಡ ಬಳಿಕ ಸಾಹಸಕ್ಕೆ ಮರಳುವ ಬಗೆ

೧. ಪದದ ಹಿನ್ನೆಲೆ

ಕನ್ನಡದಲ್ಲಿ 'ಸಾಹಸ' ಎಂಬ ಪದಕ್ಕೆ ಇಂದು ಹೆಚ್ಚಾಗಿ ಉಳಿದಿರುವುದು ಹೊಗಳಿಕೆಯ ಅರ್ಥ. ರನ್ನನು ತನ್ನ ಆಶ್ರಯದಾತನಾದ ಚಾಳುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ರಚಿಸಿದ ಕಾವ್ಯಕ್ಕೆ 'ಸಾಹಸಭೀಮವಿಜಯ'ವೆಂದು ಹೆಸರಾಯಿತು. ಅಲ್ಲಿಂದ ಇಲ್ಲಿಯವರೆಗೆ ಸಾಹಸಿ ಎಂದರೆ ಮೆಚ್ಚತಕ್ಕವನು. ಆದರೆ ಪದದ ಮೂಲದಲ್ಲಿರುವುದು ಬಲ ಎಂಬ ಅರ್ಥದ 'ಸಹಸ್'. ಧರ್ಮಶಾಸ್ತ್ರಕಾರರಿಗೆ ಸಾಹಸವೆಂದರೆ ಬಲಪ್ರಯೋಗದಿಂದ ಎಸಗಿದ ಅಪರಾಧ. ದಂಡದ ಪ್ರಮಾಣಗಳನ್ನೂ ಅವರು ಪ್ರಥಮ, ಮಧ್ಯಮ, ಉತ್ತಮ ಸಾಹಸಗಳೆಂದು ಕರೆದರು. ವೈದ್ಯರಿಗಾದರೋ ಸಾಹಸವು ಒಂದು ರೋಗಕಾರಣ. ಚರಕಸಂಹಿತೆಯು ಶೋಷರೋಗಕ್ಕೆ ಹೇಳುವ ನಾಲ್ಕು ಕಾರಣಗಳಲ್ಲಿ ಮೊದಲನೆಯದೇ ಸಾಹಸ. ತನ್ನ ಬಲವನ್ನು ಮೀರಿ ಕೈಹಾಕಿದ ಕೆಲಸ ಎಂಬುದು ಅಲ್ಲಿನ ಅರ್ಥ. ಎದೆಗೆ ಪೆಟ್ಟಾಗುವ 'ಉರಃಕ್ಷತ'ವನ್ನು ವಿವರಿಸುವಾಗ ಅದೇ ಗ್ರಂಥವು ಕೊಡುವ ಪಟ್ಟಿ ಇಂದಿನ ಓದುಗನಿಗೂ ಪರಿಚಿತವೆನಿಸೀತು: ತನಗಿಂತ ಬಲಶಾಲಿಯೊಡನೆ ಮಲ್ಲಯುದ್ಧ, ಅತಿ ಬಿಗಿಯಾದ ಬಿಲ್ಲನ್ನು ಸೆಳೆಯುವುದು, ಮಿತಿಮೀರಿದ ಭಾರ ಹೊರುವುದು, ಎತ್ತರದಿಂದ ಬೀಳುವುದು, ಓಡುವ ಎತ್ತು ಕುದುರೆಗಳನ್ನು ಹಿಡಿದು ನಿಲ್ಲಿಸುವುದು, ದೊಡ್ಡ ನದಿಗಳನ್ನು ಈಜಿ ದಾಟುವುದು, ಕಡೆಗೆ ಗಟ್ಟಿ ದನಿಯಲ್ಲಿ ಓದುವುದು ಕೂಡ.

ಚರಕನು ವಿವರಿಸಿದ್ದು ಇಂದಿನ ವೈದ್ಯಶಾಸ್ತ್ರ ಹೇಳುವ ಶ್ವಾಸಕೋಶದ ಕುಸಿತವನ್ನೇ ಎಂದು ವಾದಿಸುವುದು ಈ ಲೇಖನದ ಉದ್ದೇಶವಲ್ಲ. ಹಾಗೆ ಹೇಳುವುದಕ್ಕೆ ಆಧಾರವೂ ಇಲ್ಲ. ಆದರೆ ಕವಿ ಕೊಟ್ಟ ಅರ್ಥ ಮತ್ತು ವೈದ್ಯ ಕೊಟ್ಟ ಅರ್ಥ ಎರಡೂ ಒಂದೇ ಪದದಲ್ಲಿ ಕೂಡಿಕೊಂಡಿರುವುದು ಗಮನಾರ್ಹ. ಶ್ವಾಸಕೋಶವೊಂದು ಕುಸಿದು, ಚಿಕಿತ್ಸೆ ಪಡೆದು, ಮತ್ತೆ ಬೆಟ್ಟ ಹತ್ತಬೇಕು, ಆಕಾಶದಲ್ಲಿ ತೇಲಬೇಕು, ಕಡಲಿಗೆ ಇಳಿಯಬೇಕು ಎಂದು ಹಂಬಲಿಸುವ ತರುಣನು ನಿಲ್ಲುವುದು ಈ ಎರಡು ಅರ್ಥಗಳ ನಡುವೆ. ಅವನಿಗೆ 'ಹೆದರಬೇಡ' ಎಂಬ ಮಾತೂ 'ಇನ್ನು ಸುಮ್ಮನೆ ಮನೆಯಲ್ಲಿರು' ಎಂಬ ಮಾತೂ ಸಮಾನವಾಗಿ ನಿರುಪಯೋಗಿ. ಅವನು ಕೇಳಿಕೊಳ್ಳಬೇಕಾದವು ಎರಡು ಪ್ರಶ್ನೆಗಳು. ಈ ಸಾಹಸವು ಕುಸಿತವನ್ನು ಉಂಟುಮಾಡಬಲ್ಲುದೇ? ಕುಸಿತವು ತಾನಾಗಿಯೇ ಮರಳಿದರೆ, ಆ ಎಡೆಯಲ್ಲಿ, ಆ ಗಳಿಗೆಯಲ್ಲಿ, ಬದುಕಿ ಬರಲು ಸಾಧ್ಯವೇ? ಈ ಎರಡನ್ನೂ ಬೇರೆ ಬೇರೆಯಾಗಿ ಕೇಳಿಕೊಂಡಾಗ ಮಾತ್ರ ಉತ್ತರ ಸ್ಪಷ್ಟವಾಗುತ್ತದೆ ಎಂಬುದನ್ನು ನಿರೂಪಿಸುವುದು ಪ್ರಸ್ತುತ ಲೇಖನದ ಗುರಿ.

೨. ಕುಸಿತವೆಂದರೇನು?

ಶ್ವಾಸಕೋಶವು ಎದೆಗೂಡಿನೊಳಗೆ ತಾನಾಗಿ ಉಬ್ಬಿ ನಿಲ್ಲುವ ಅಂಗವಲ್ಲ. ಹಿಗ್ಗಿಸಿದ ರಬ್ಬರಿನಂತೆ ಅದು ಸದಾ ಒಳಕ್ಕೆ ಕುಗ್ಗಲು ಎಳೆಯುತ್ತಿರುತ್ತದೆ. ಪಕ್ಕೆಲುಬುಗಳ ಗೂಡು ಹೊರಕ್ಕೆ ಎಳೆಯುತ್ತಿರುತ್ತದೆ. ಶ್ವಾಸಕೋಶವನ್ನು ಹೊದೆದ ಒಂದು ತೆಳುಪೊರೆ, ಎದೆಗೋಡೆಯ ಒಳಮೈಗೆ ಅಂಟಿದ ಇನ್ನೊಂದು ತೆಳುಪೊರೆ, ಇವೆರಡರ ನಡುವೆ ತೇವದ ಒಂದು ಪದರ ಮಾತ್ರ. ಒದ್ದೆಯಾದ ಎರಡು ಗಾಜಿನ ಹಲಗೆಗಳು ಒಂದಕ್ಕೊಂದು ಕಚ್ಚಿಕೊಳ್ಳುವಂತೆ ಈ ಪೊರೆಗಳು ಕೂಡಿಕೊಂಡಿರುವುದರಿಂದಲೇ ಎದೆ ಹಿಗ್ಗಿದಾಗ ಶ್ವಾಸಕೋಶವೂ ಹಿಗ್ಗುತ್ತದೆ. ಆ ನಡುವಿನ ಎಡೆಯಲ್ಲಿ ಒತ್ತಡವು ಹೊರಗಿನ ವಾಯುವಿನ ಒತ್ತಡಕ್ಕಿಂತ ತುಸು ಕಡಿಮೆ. ಯಾವ ಕಾರಣದಿಂದಲಾದರೂ ಅಲ್ಲಿಗೆ ಗಾಳಿ ನುಗ್ಗಿದರೆ ಹಿಡಿತ ತಪ್ಪಿ ಶ್ವಾಸಕೋಶವು ಒಳಕ್ಕೆ ಸರಿಯುತ್ತದೆ. ಇದನ್ನೇ ವೈದ್ಯರು ನ್ಯೂಮೋಥೊರಾಕ್ಸ್ ಎನ್ನುತ್ತಾರೆ. ಗ್ರೀಕ್ ಮೂಲದ ಈ ಪದಕ್ಕೆ 'ಎದೆಯೊಳಗಿನ ಗಾಳಿ' ಎಂದಷ್ಟೇ ಅರ್ಥ. ಫ್ರಾನ್ಸಿನ ವೈದ್ಯ ಇಟಾರ್ ಇದನ್ನು ೧೮೦೩ರಲ್ಲಿ ಬಳಕೆಗೆ ತಂದನು. ಸ್ಟೆತಾಸ್ಕೋಪಿನ ಜನಕನಾದ ಲೆನೆಕ್ ೧೮೧೯ರಲ್ಲಿ ರೋಗಲಕ್ಷಣಗಳನ್ನು ವಿವರಿಸಿದನು. ಕನ್ನಡದಲ್ಲಿ 'ಶ್ವಾಸಕೋಶದ ಕುಸಿತ' ಎಂಬುದು ಪರಿಣಾಮವನ್ನು ಹೇಳುವ ಹೆಸರು. ಗ್ರೀಕ್ ಪದವು ಕಾರಣವನ್ನು ಹೇಳುತ್ತದೆ. ಮುಂದಿನ ವಿವೇಚನೆಗೆ ಕಾರಣವೇ ಮುಖ್ಯ. ಎಲ್ಲ ಅಪಾಯವೂ ಆ ಸಿಲುಕಿದ ಗಾಳಿಯದು.

ಗಾಳಿ ನುಗ್ಗುವ ದಾರಿಗಳು ಹಲವು. ಪಕ್ಕೆಲುಬು ಮುರಿದು ಚುಚ್ಚಿದರೆ ಅದು ಗಾಯಜನ್ಯ. ಕ್ಷಯ, ದೀರ್ಘಕಾಲದ ಧೂಮಪಾನದಿಂದ ಹಾಳಾದ ಶ್ವಾಸಕೋಶ ಮುಂತಾದ ರೋಗಗಳ ಬೆನ್ನಿಗೆ ಬಂದರೆ ಅದು ಆನುಷಂಗಿಕ. ನಮ್ಮ ದೇಶದಲ್ಲಿ ಕ್ಷಯದ ಪಾತ್ರವನ್ನು ಎಂದಿಗೂ ಮರೆಯುವಂತಿಲ್ಲ. ಮೂರನೆಯ ಬಗೆಯೇ ನಮ್ಮ ವಿಷಯಕ್ಕೆ ಹತ್ತಿರವಾದುದು. ಯಾವ ರೋಗವೂ ಇಲ್ಲವೆಂದು ತೋರುವ, ಸಾಮಾನ್ಯವಾಗಿ ಎತ್ತರದ, ತೆಳುಮೈಯ, ಹದಿನೆಂಟರಿಂದ ಮೂವತ್ತೈದರ ಆಸುಪಾಸಿನ ಗಂಡಸರಲ್ಲಿ ಇದು ಇದ್ದಕ್ಕಿದ್ದಂತೆ ಸಂಭವಿಸುತ್ತದೆ. ಶ್ವಾಸಕೋಶದ ತುದಿಯಲ್ಲಿರುವ ಸಣ್ಣ ನೀರ್ಗುಳ್ಳೆಯಂಥ ಗಾಳಿಗುಳ್ಳೆ ಒಡೆಯುವುದು ಬಹುಮಟ್ಟಿಗೆ ಇದಕ್ಕೆ ಕಾರಣ. ಹೆಂಗಸರಲ್ಲಿ ಇದು ವಿರಳವಾದರೂ, ಮುಟ್ಟಿನ ದಿನಗಳಿಗೆ ಹೊಂದಿಕೊಂಡು ಬರುವ ಬಗೆಯೊಂದು ಉಂಟು. ಅದಕ್ಕೆ ಬೇರೆಯೇ ಚಿಕಿತ್ಸೆ ಬೇಕಾಗುತ್ತದೆ.

ಲಕ್ಷಣಗಳು ಎರಡು: ಎದೆಯ ಒಂದು ಬದಿಯಲ್ಲಿ ಹಠಾತ್ತನೆ ಇರಿಯುವ ನೋವು, ಮತ್ತು ಉಸಿರಿನ ಕೊರತೆ. ಸೋಜಿಗವೆಂದರೆ ಇದು ಹೆಚ್ಚಾಗಿ ಓಡುವಾಗಲೋ ಭಾರ ಎತ್ತುವಾಗಲೋ ಬರುವುದಿಲ್ಲ. ಸುಮ್ಮನೆ ಕುಳಿತಾಗ, ಮಲಗಿದಾಗ, ಓದುವಾಗ ಬರುವುದೇ ಹೆಚ್ಚು. ವಿರಳವಾಗಿ, ಗಾಳಿ ಒಳಗೆ ಹೋಗಿ ಹೊರಬರಲಾಗದೆ ಪ್ರತಿ ಉಸಿರಿಗೂ ಒತ್ತಡ ಏರುತ್ತ ಹೋಗಿ ಹೃದಯವನ್ನೇ ಒತ್ತರಿಸುವ ಸ್ಥಿತಿ ಉಂಟಾಗುತ್ತದೆ. ಅದು ನಿಮಿಷಗಳಲ್ಲಿ ಪ್ರಾಣ ತೆಗೆಯಬಲ್ಲ ತುರ್ತು. ಮುಖ ಕಂದುವುದು, ನಾಡಿ ಓಡುವುದು, ಪ್ರಜ್ಞೆ ಮಸುಕಾಗುವುದು ಅದರ ಸೂಚನೆಗಳು.

೩. ಚಿಕಿತ್ಸೆ, ಚೇತರಿಕೆ, ಮರುಕಳಿಕೆ

ಕುಸಿದ ಶ್ವಾಸಕೋಶದೊಡನೆ ಮನುಷ್ಯ ಬದುಕಲಾರನೆಂಬುದು ಜನಸಾಮಾನ್ಯರ ಭಯ. ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಇಟಲಿಯ ಫೋರ್ಲಾನಿನಿ ೧೮೮೨ರಲ್ಲಿ ಕ್ಷಯರೋಗಿಯ ಶ್ವಾಸಕೋಶಕ್ಕೆ ವಿಶ್ರಾಂತಿ ಕೊಡಲು ಎದೆಗೆ ಬೇಕೆಂದೇ ಗಾಳಿ ತುಂಬುವ ವಿಧಾನವನ್ನು ಸೂಚಿಸಿದನು. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯ ಆರೋಗ್ಯಧಾಮ ೧೯೨೧ರಲ್ಲಿ ಆರಂಭವಾದ ಕಾಲದಲ್ಲಿ ಜಗತ್ತಿನಾದ್ಯಂತ ಇದು ಕ್ಷಯದ ಮುಖ್ಯ ಚಿಕಿತ್ಸೆಗಳಲ್ಲೊಂದಾಗಿತ್ತು. ೧೯೪೩ರಲ್ಲಿ ಸ್ಟ್ರೆಪ್ಟೊಮೈಸಿನ್ ಪತ್ತೆಯಾಗಿ ಔಷಧಗಳು ಬಂದ ಮೇಲೆ ಅದು ಮರೆಯಾಯಿತು. ಅಂದರೆ, ಒಂದು ಬದಿಯ ಶ್ವಾಸಕೋಶ ಭಾಗಶಃ ಕುಗ್ಗಿದ್ದೂ ಅಸಂಖ್ಯ ಜನ ತಿಂಗಳುಗಟ್ಟಲೆ ನಡೆದಾಡಿದ್ದಾರೆ. ಭಯಪಡಬೇಕಾದುದು ಕುಸಿತ ಎಂಬ ಸ್ಥಿತಿಗಿಂತ ಏರುವ ಒತ್ತಡಕ್ಕೆ, ಮತ್ತು ಅಕಾಲದಲ್ಲಿ ಬರುವ ಮರುಕಳಿಕೆಗೆ.

ಇಂದಿನ ಚಿಕಿತ್ಸೆ ಹಂತಹಂತವಾದುದು. ರೋಗಿ ನೆಮ್ಮದಿಯಾಗಿದ್ದರೆ ಗಮನಿಸುತ್ತ ಕಾಯುವುದು. ಇಲ್ಲವೇ ಸೂಜಿಯಿಂದ ಗಾಳಿ ಹೀರುವುದು. ಅಥವಾ ಪಕ್ಕೆಲುಬುಗಳ ನಡುವೆ ಕೊಳವೆ ಇಡುವುದು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ೩೧೬ ರೋಗಿಗಳ ಮೇಲೆ ನಡೆದು ೨೦೨೦ರಲ್ಲಿ ಪ್ರಕಟವಾದ ಅಧ್ಯಯನವು, ಸಾಕಷ್ಟು ದೊಡ್ಡ ಕುಸಿತವಿದ್ದರೂ ನೆಮ್ಮದಿಯಾಗಿರುವವರನ್ನು ಕೊಳವೆಯಿಲ್ಲದೆ ಕಾಯಿಸಬಹುದೆಂದು ತೋರಿಸಿತು. ಸಿಲುಕಿದ ಗಾಳಿಯನ್ನು ದೇಹವೇ ಹೀರಿಕೊಳ್ಳುತ್ತದೆ, ಆದರೆ ನಿಧಾನವಾಗಿ: ದಿನಕ್ಕೆ ಎದೆಯ ಆ ಬದಿಯ ಗಾತ್ರದಲ್ಲಿ ನೂರಕ್ಕೆ ಒಂದೂಕಾಲರಿಂದ ಎರಡರಷ್ಟು. ನೂರಕ್ಕೆ ಇಪ್ಪತ್ತರಷ್ಟು ಕುಸಿತ ತುಂಬಿಬರಲು ಹತ್ತರಿಂದ ಹದಿನಾರು ದಿನ ಹಿಡಿಯುತ್ತದೆಂದು ಲೆಕ್ಕ. ನೋವು ಇದಕ್ಕಿಂತ ಬಹಳ ಮುಂಚೆಯೇ ಹೋಗಿರುತ್ತದೆ. ಆದ್ದರಿಂದ 'ನೋವಿಲ್ಲ, ಗುಣವಾಯಿತು' ಎಂಬ ತೀರ್ಮಾನವನ್ನು ರೋಗಿ ಮಾಡುವಂತಿಲ್ಲ. ಅದನ್ನು ಎಕ್ಸ್-ರೇ ಮಾಡಬೇಕು.

ಗುಣವಾದ ಮೇಲೆ ಉಳಿಯುವ ಪ್ರಶ್ನೆ ಮರುಕಳಿಕೆಯದು. ಕಾರಣವಿಲ್ಲದೆ ಬಂದ ಮೊದಲ ಕುಸಿತದ ಬಳಿಕ ಸುಮಾರು ಮೂವರಲ್ಲೊಬ್ಬರಿಗೆ ಅದು ಮತ್ತೆ ಬರುತ್ತದೆ. ಬಹುಪಾಲು ಮೊದಲ ವರ್ಷದೊಳಗೇ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಟಗಾರ ಸಿ. ಜೆ. ಮೆಕಾಲಮ್‌ಗೆ ೨೦೨೧ರ ಡಿಸೆಂಬರಿನಲ್ಲಿ ಶ್ವಾಸಕೋಶ ಕುಸಿಯಿತು. ಮರುತಿಂಗಳು ಅವರು ಅಂಕಣಕ್ಕೆ ಮರಳಿದರು. ೨೦೨೩ರ ನವೆಂಬರಿನಲ್ಲಿ ಅದು ಮತ್ತೆ ಕುಸಿಯಿತು. ಅದೇ ತಿಂಗಳ ಕೊನೆಗೆ ಅವರು ಮತ್ತೆ ಆಡಿದರು. ಮರಳುವುದು ಸಾಧ್ಯ ಎಂಬುದಕ್ಕೂ, ಮರಳಿದ್ದರಿಂದ ರೋಗ ಮುಗಿಯಿತೆಂದಲ್ಲ ಎಂಬುದಕ್ಕೂ ಇದೊಂದು ನಿದರ್ಶನ.

ಮರುಕಳಿಕೆಯನ್ನು ತಗ್ಗಿಸುವ ಉಪಾಯಗಳು ಎರಡು. ಮೊದಲನೆಯದು ಧೂಮಪಾನದ ತ್ಯಾಗ. ೧೯೮೭ರ ಸ್ವೀಡನ್ನಿನ ಅಧ್ಯಯನವೊಂದರಲ್ಲಿ ಧೂಮಪಾನಿ ಗಂಡಸರಿಗೆ ಈ ರೋಗದ ಸಂಭವ ಇತರರಿಗಿಂತ ಸುಮಾರು ೨೨ ಪಟ್ಟು ಹೆಚ್ಚೆಂದು ಕಂಡುಬಂತು. ಬೀಡಿಯಾಗಲಿ ಸಿಗರೇಟಾಗಲಿ ಗಾಂಜಾ ಆಗಲಿ, ಹೊಗೆ ಹೊಗೆಯೇ. ಬೆಟ್ಟಕ್ಕೆ ಮರಳಬಹುದೇ ಎಂದು ಕೇಳುತ್ತ ಬೀಡಿಯನ್ನು ಬಿಡದವನ ಪ್ರಶ್ನೆಗೆ ಅರ್ಥವಿಲ್ಲ. ಎರಡನೆಯದು ಶಸ್ತ್ರಚಿಕಿತ್ಸೆ. ಸಣ್ಣ ರಂಧ್ರಗಳ ಮೂಲಕ ಕ್ಯಾಮರಾ ತೂರಿಸಿ ಗುಳ್ಳೆಯಿರುವ ತುದಿಯನ್ನು ತೆಗೆದು, ಎದೆಗೋಡೆಯ ಪೊರೆಯನ್ನು ಉಜ್ಜಿಯೋ ಸುಲಿದೋ ಟಾಲ್ಕ್ ಪುಡಿ ಹಾಕಿಯೋ ಶ್ವಾಸಕೋಶವು ಗೋಡೆಗೆ ಅಂಟುವಂತೆ ಮಾಡುತ್ತಾರೆ. ಆಮೇಲೆ ಮರುಕಳಿಕೆ ನೂರರಲ್ಲಿ ಕೆಲವೇ ಮಂದಿಗೆ ಇಳಿಯುತ್ತದೆ. ಸಾಮಾನ್ಯವಾಗಿ ಎರಡನೆಯ ಕುಸಿತದ ಬಳಿಕ ಇದನ್ನು ಸೂಚಿಸುವುದು ರೂಢಿ. ಆದರೆ ವಿಮಾನ ಚಾಲಕರು, ಮುಳುಗುಗಾರರು, ಸೈನಿಕರು ಮುಂತಾಗಿ ವೃತ್ತಿಯೇ ಅಪಾಯದ್ದಾಗಿರುವವರಿಗೆ ಮೊದಲ ಬಾರಿಯ ಬಳಿಕವೇ ಇದನ್ನು ಚರ್ಚಿಸಬೇಕೆಂದು ಬ್ರಿಟಿಷ್ ವಕ್ಷವೈದ್ಯ ಸಂಘದ ೨೦೨೩ರ ಮಾರ್ಗಸೂಚಿ ಹೇಳುತ್ತದೆ.

೪. ಖಡಕಿಯ ನಿದರ್ಶನ

ಸೈನಿಕರ ಮಾತು ಬಂದುದರಿಂದ, ಸಾಹಸವೇ ವೃತ್ತಿಯಾಗಿರುವ ಒಂದು ಊರನ್ನು ಇಲ್ಲಿ ನೋಡಬಹುದು. ಪುಣೆಗೆ ಹೊಂದಿಕೊಂಡು ಮುಳಾ ನದಿಯ ದಂಡೆಯಲ್ಲಿರುವ ಖಡಕಿ ಸೇನಾನೆಲೆಯ ಊರು. ೧೮೧೭ರ ನವೆಂಬರ್ ೫ರಂದು ಪೇಶ್ವೆ ಎರಡನೆಯ ಬಾಜೀರಾಯನ ಸೇನೆಗೂ ಈಸ್ಟ್ ಇಂಡಿಯಾ ಕಂಪೆನಿಯ ಸೇನೆಗೂ ಯುದ್ಧ ನಡೆದುದು ಇಲ್ಲಿ. ಬಾಂಬೆ ಸ್ಯಾಪರ್ಸ್ ಎಂದು ಹೆಸರಾದ ಬಾಂಬೆ ಎಂಜಿನಿಯರ್ ಗ್ರೂಪಿನ ಕೇಂದ್ರವಿರುವುದೂ ಇಲ್ಲಿಯೇ. ಸೇತುವೆ ಕಟ್ಟುವುದು, ನೆಲಬಾಂಬು ತೆಗೆಯುವುದು ಇವರ ಕಸುಬು. ಪ್ಯಾರಾಶೂಟಿನಿಂದ ಇಳಿಯುವ ತುಕಡಿಯೂ ಈ ದಳಕ್ಕೆ ಸೇರಿದೆ. ಕನ್ನಡ ನಾಡಿಗೂ ಈ ದಳಕ್ಕೂ ಹೆಮ್ಮೆಯ ನಂಟೊಂದಿದೆ. ೧೯೪೮ರ ಏಪ್ರಿಲಿನಲ್ಲಿ ನೌಶೇರಾದಿಂದ ರಜೌರಿಗೆ ಹೋಗುವ ದಾರಿಯಲ್ಲಿ, ತೊಡೆಗೆ ಗಾಯವಾಗಿದ್ದರೂ ನೆಲಬಾಂಬುಗಳನ್ನೂ ಅಡೆತಡೆಗಳನ್ನೂ ತೆಗೆದು ಟ್ಯಾಂಕುಗಳಿಗೆ ಹಾದಿ ಮಾಡಿಕೊಟ್ಟು ಪರಮವೀರ ಚಕ್ರ ಪಡೆದ ರಾಮ ರಾಘೋಬ ರಾಣೆಯವರು ಕಾರವಾರ ಸೀಮೆಯ ಮೂಲದವರು, ಬಾಂಬೆ ಸ್ಯಾಪರ್ಸಿನವರು. ಕಾರವಾರದ ಕಡಲ ತೀರದಲ್ಲಿ ಅವರ ಪ್ರತಿಮೆಯಿದೆ.

ಆದರೆ ಖಡಕಿಯ ಮಹತ್ತ್ವ ಇಂಥ ಕದನಸಾಹಸದಿಂದ ಮಾತ್ರ ಬಂದುದಲ್ಲ. ದೇಹಕ್ಕೆ ಪೆಟ್ಟುಬಿದ್ದ ಬಳಿಕ ಮರಳುವುದು ಹೇಗೆ ಎಂಬ ಪ್ರಶ್ನೆಗೆ ಈ ಊರು ಸಂಸ್ಥೆಗಳ ಮೂಲಕವೇ ಉತ್ತರ ಹುಡುಕಿದೆ. ೧೯೧೭ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಮುಂದೆ ಇಲ್ಲಿಗೆ ಬಂದ ಕ್ವೀನ್ ಮೇರಿ ತಾಂತ್ರಿಕ ಸಂಸ್ಥೆ ಅಂಗವಿಕಲರಾದ ಯೋಧರಿಗೆ ಹೊಸ ಕಸುಬು ಕಲಿಸುತ್ತ ಬಂದಿದೆ. ೧೯೭೪ರಲ್ಲಿ ಸ್ಥಾಪನೆಯಾದ ಪಾರ್ಶ್ವವಾಯು ಪೀಡಿತ ಯೋಧರ ಪುನರ್ವಸತಿ ಕೇಂದ್ರದಲ್ಲಿ, ಬೆನ್ನುಹುರಿಗೆ ಪೆಟ್ಟು ಬಿದ್ದು ನಡೆಯಲಾಗದವರು ಗಾಲಿಕುರ್ಚಿಯಲ್ಲಿ ಕುಳಿತೇ ಆಟೋಟಗಳಲ್ಲಿ ತೊಡಗುತ್ತಾರೆ. ಮರಳುವುದೆಂದರೆ ಹಿಂದಿದ್ದ ಜಾಗಕ್ಕೇ ಮರಳುವುದಲ್ಲ, ಈಗಿನ ದೇಹಕ್ಕೆ ಒಪ್ಪುವ ಜಾಗವನ್ನು ಕಂಡುಕೊಳ್ಳುವುದು ಎಂಬುದಕ್ಕೆ ಇದಕ್ಕಿಂತ ಉತ್ತಮ ಪಾಠವಿಲ್ಲ.

ಸೇನೆಯಿಂದ ನಾಗರಿಕರು ಕಲಿಯಬಹುದಾದ ಇನ್ನೊಂದು ಸಂಗತಿಯೆಂದರೆ ತೀರ್ಮಾನದ ಕ್ರಮ. ಶ್ವಾಸಕೋಶ ಕುಸಿದ ಸೈನಿಕ ಮರಳಿ ಪರ್ವತಕ್ಕೆ ಹೋಗಬೇಕೇ ಎಂಬುದನ್ನು ಅವನ ಛಲವಾಗಲಿ ಅವನ ಮೇಲಧಿಕಾರಿಯ ಅವಸರವಾಗಲಿ ನಿರ್ಧರಿಸುವುದಿಲ್ಲ. ಅವನನ್ನು ತಾತ್ಕಾಲಿಕವಾಗಿ ಕೆಳಗಿನ ವೈದ್ಯಕೀಯ ದರ್ಜೆಗೆ ಇಳಿಸಿ, ಗೊತ್ತಾದ ಅವಧಿಯ ಬಳಿಕ ಮತ್ತೆ ಪರೀಕ್ಷಿಸಿ, ವೈದ್ಯಮಂಡಳಿಯು ದರ್ಜೆಯನ್ನು ಏರಿಸುತ್ತದೆ ಅಥವಾ ಉಳಿಸುತ್ತದೆ. ಎದೆ ಹೃದಯಗಳ ಚಿಕಿತ್ಸೆಗೆ ಮೀಸಲಾದ ಸೇನೆಯ ದೊಡ್ಡ ಆಸ್ಪತ್ರೆ ಪುಣೆಯಲ್ಲಿಯೇ ಇದೆ. ವಾರಾಂತ್ಯಕ್ಕೆ ಸಹ್ಯಾದ್ರಿಯ ಕೋಟೆಗಳನ್ನು ಏರಹೊರಟ ನಾಗರಿಕ ತರುಣನಿಗೆ ಇಂಥ ಮಂಡಳಿಯಿಲ್ಲ. ಅದರ ಕೆಲಸವನ್ನು ಅವನೂ ಅವನ ವೈದ್ಯರೂ ಸೇರಿ ಮಾಡಬೇಕಾಗುತ್ತದೆ. ರಾಣೆಯವರ ಸಾಹಸಕ್ಕೆ ಇತರರ ಪ್ರಾಣ ಕಾಯುವ ಕಾರಣವಿತ್ತು. ವಿನೋದದ ಸಾಹಸಕ್ಕೆ ಅಂಥ ಕಾರಣವಿಲ್ಲ, ಕಾಯಲು ಸಮಯವಿದೆ.

೫. ಮೂರು ಬಗೆಯ ಸಾಹಸ

ಶ್ವಾಸಕೋಶದ ದೃಷ್ಟಿಯಿಂದ ಸಾಹಸಗಳನ್ನು ಶ್ರಮ, ಎತ್ತರ, ಆಳ ಎಂದು ಮೂರಾಗಿ ವಿಂಗಡಿಸುವುದು ಅನುಕೂಲ.

ಶ್ರಮದ ಸಾಹಸಗಳೆಂದರೆ ಓಟ, ಸೈಕಲ್, ಈಜು, ದೋಣಿ ಹುಟ್ಟುಹಾಕುವುದು, ಸಾಧಾರಣ ಎತ್ತರದ ಚಾರಣ. ಶ್ರಮವು ಕುಸಿತವನ್ನು ತರುತ್ತದೆಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲ. ಮೊದಲನೆಯ ಪ್ರಶ್ನೆಗೆ ಉತ್ತರ 'ಇಲ್ಲ'. ಊರಿನ ಹತ್ತಿರವೇ ಆಗಿರುವುದರಿಂದ ಎರಡನೆಯದಕ್ಕೆ 'ಸಾಧ್ಯ'. ಆದ್ದರಿಂದ ಲಕ್ಷಣಗಳು ಹೋದಮೇಲೆ ನಡಿಗೆಯಿಂದ ಆರಂಭಿಸಬಹುದು. ತೀವ್ರ ಶ್ರಮದ ಆಟಗಳಿಗೂ ಕುಸ್ತಿ, ಕಬಡ್ಡಿಗಳಂತೆ ಮೈಗೆ ಮೈ ತಾಗುವ ಆಟಗಳಿಗೂ ಶ್ವಾಸಕೋಶ ಪೂರ್ಣವಾಗಿ ಅರಳಿದೆಯೆಂದು ಎಕ್ಸ್-ರೇ ಹೇಳುವತನಕ ಕಾಯಬೇಕು. ಪಕ್ಕೆಲುಬು ಮುರಿದಿದ್ದರೆ ಅದು ಕೂಡಿಕೊಳ್ಳಲು ಸುಮಾರು ಆರು ವಾರ ಬೇಕು. ಶಸ್ತ್ರಚಿಕಿತ್ಸೆಯಾಗಿದ್ದರೆ ಭಾರ ಎತ್ತುವ ವಿಷಯದಲ್ಲಿ ಶಸ್ತ್ರವೈದ್ಯರ ಮಾತೇ ಪ್ರಮಾಣ. ಮನರಂಜನಾ ಉದ್ಯಾನಗಳ ತಿರುಗುಚಕ್ರ, ಜಾರುಬಂಡಿಗಳೂ ಇದೇ ವರ್ಗಕ್ಕೆ ಸೇರುತ್ತವೆ. ನೂರು ಮೀಟರ್ ಮೇಲೇರಿದರೂ ವಾಯುವಿನ ಒತ್ತಡ ಇಳಿಯುವುದು ನೂರಕ್ಕೆ ಒಂದರಷ್ಟೇ. ಅಲ್ಲಿ ಎಚ್ಚರ ಬೇಕಾದುದು ಎದೆಗೆ ಬೀಳುವ ಕುಲುಕಾಟಕ್ಕೆ, ಎತ್ತರಕ್ಕಲ್ಲ.

ಎತ್ತರದ ಸಾಹಸಗಳಲ್ಲಿ ಭೌತಶಾಸ್ತ್ರ ಪ್ರವೇಶಿಸುತ್ತದೆ. ಒತ್ತಡ ಇಳಿದಷ್ಟೂ ಅನಿಲವು ಹಿಗ್ಗುತ್ತದೆ ಎಂಬುದು ಬಾಯ್ಲನ ನಿಯಮ. ಪುಣೆ ಸಮುದ್ರಮಟ್ಟದಿಂದ ಸುಮಾರು ೫೬೦ ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ೧೩೦೦ ಮೀಟರಿನ ಸಿಂಹಗಡಕ್ಕೆ ಏರಿದರೆ ಎದೆಯಲ್ಲಿ ಸಿಲುಕಿದ ಗಾಳಿ ನೂರಕ್ಕೆ ಒಂಬತ್ತರಷ್ಟು ಹಿಗ್ಗೀತು. ಖಡಕಿಯಿಂದ ಲೋಣಾವಳದ ಕಡೆಗೆ ಹೋಗುವ ರೈಲುದಾರಿಯಲ್ಲಿರುವ ಕಾಮಶೇತ್ ಪ್ಯಾರಾಗ್ಲೈಡಿಂಗಿಗೆ ಹೆಸರಾದ ಊರು. ಅಲ್ಲಿ ಮುನ್ನೂರು ಮೀಟರ್ ಮೇಲೇರಿದರೆ ಹಿಗ್ಗುವುದು ನೂರಕ್ಕೆ ಮೂರು ನಾಲ್ಕರಷ್ಟು. ವಿಮಾನದೊಳಗಿನ ಒತ್ತಡ ಸುಮಾರು ೨೪೦೦ ಮೀಟರ್ ಎತ್ತರದ ಬೆಟ್ಟದ ಮಟ್ಟಕ್ಕೆ ಇಳಿಯಬಹುದಾದ್ದರಿಂದ ಪುಣೆಯಿಂದ ಹಾರಿದವನ ಎದೆಯ ಗಾಳಿ ಕಾಲು ಪಾಲು ಹಿಗ್ಗುತ್ತದೆ. ಸುಮಾರು ೩೫೦೦ ಮೀಟರಿನ ಲೇಹ್‌ನಲ್ಲಿ ಹೆಚ್ಚುಕಡಿಮೆ ಒಂದೂವರೆ ಪಟ್ಟು. ೫೩೫೯ ಮೀಟರಿನ ಖರ್ದುಂಗ್ ಲಾ ಕಣಿವೆಯಲ್ಲಿ ಒತ್ತಡವು ಸಮುದ್ರಮಟ್ಟದ ಅರ್ಧದಷ್ಟು. ನಾಲ್ಕು ಸಾವಿರ ಮೀಟರಿನಿಂದ ಧುಮುಕುವ ಆಕಾಶಜಿಗಿತದಲ್ಲಿ, ಸಮುದ್ರಮಟ್ಟದಿಂದ ಹೊರಟವನಿಗೆ, ಒಂದೂವರೆ ಪಟ್ಟಿಗೂ ಮೀರಿದ ಹಿಗ್ಗುವಿಕೆ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಹಿಗ್ಗುವುದು ಸಿಲುಕಿದ ಗಾಳಿ ಮಾತ್ರ. ಅದು ಪೂರ್ಣವಾಗಿ ಹೀರಲ್ಪಟ್ಟಿದ್ದರೆ ಹಿಗ್ಗಲು ಅಲ್ಲಿ ಏನೂ ಇಲ್ಲ. ಆದುದರಿಂದಲೇ ಶ್ವಾಸಕೋಶ ಪೂರ್ಣವಾಗಿ ಅರಳಿದೆಯೆಂದು ಎಕ್ಸ್-ರೇಯಲ್ಲಿ ಖಚಿತವಾದ ಮೇಲೆ ಏಳು ದಿನ, ಅಪಘಾತದ ಗಾಯವಾಗಿದ್ದರೆ ಎರಡು ವಾರ ಕಾದು ವಿಮಾನ ಏರಬಹುದೆಂಬ ನಿಯಮ ರೂಢಿಯಲ್ಲಿದೆ. ಅದಕ್ಕೆ ಮೊದಲು ಏರುವುದು ಸಲ್ಲದು. ಆದರೆ ಗುಣವಾದವನ ಮಟ್ಟಿಗೆ ಎತ್ತರದ ನಿಜವಾದ ಅಪಾಯ ಎರಡನೆಯ ಪ್ರಶ್ನೆಯಲ್ಲಿದೆ. ವಿಮಾನದಲ್ಲಿ ಮರುಕಳಿಸಿದರೆ ನೆಲಕ್ಕಿಳಿಸಲು ಚಾಲಕನಿದ್ದಾನೆ. ಒಬ್ಬನೇ ಪ್ಯಾರಾಗ್ಲೈಡರಿನಲ್ಲಿ ತೇಲುವಾಗ ಮರುಕಳಿಸಿದರೆ ನೋವಿನ ನಡುವೆ ನೆಲಕ್ಕಿಳಿಯಬೇಕಾದವನು ಅವನೇ. ಲಡಾಖಿನ ನಿರ್ಜನ ಕಣಿವೆಯಲ್ಲಾದರೆ ಆಸ್ಪತ್ರೆಗೆ ದಿನಗಳ ದಾರಿ, ಆಮ್ಲಜನಕವೂ ವಿರಳ. ಆದ್ದರಿಂದ ಮರುಕಳಿಕೆ ಹೆಚ್ಚಾಗಿರುವ ಮೊದಲ ವರ್ಷದಲ್ಲಿ ರಸ್ತೆಗೆ ಹತ್ತಿರವಿರುವ ಬೆಟ್ಟಗಳನ್ನೂ, ಪಳಗಿದ ಶಿಕ್ಷಕನ ಜೊತೆ ಕುಳಿತು ಹಾರುವ ಜೋಡಿ ಪ್ಯಾರಾಗ್ಲೈಡಿಂಗನ್ನೂ ಆಯ್ದುಕೊಳ್ಳುವುದು ವಿವೇಕ. ದೂರದ ಪರ್ವತವೇ ಬೇಕೆಂಬವರು ಶಸ್ತ್ರಚಿಕಿತ್ಸೆಯ ವಿಷಯವನ್ನು ವೈದ್ಯರೊಡನೆ ಮೊದಲೇ ಚರ್ಚಿಸುವುದು ಒಳ್ಳೆಯದು.

ಆಳದ ಸಾಹಸದ ಮಾತು ಬೇರೆಯೇ. ನೀರಿನಲ್ಲಿ ಹತ್ತು ಮೀಟರ್ ಇಳಿದರೆ ಒತ್ತಡ ಎರಡು ಪಟ್ಟಾಗುತ್ತದೆ. ಬೆಟ್ಟದಲ್ಲಿ ಇಷ್ಟು ಬದಲಾವಣೆಗೆ ಐದು ಸಾವಿರ ಮೀಟರಿಗೂ ಮಿಗಿಲಾಗಿ ಏರಬೇಕು. ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಬಳಿ ಸಿಲಿಂಡರ್ ಕಟ್ಟಿ ಮುಳುಗುವವನು ಸುತ್ತಣ ನೀರಿನ ಒತ್ತಡಕ್ಕೆ ಸಮನಾದ ಒತ್ತಡದ ಗಾಳಿಯನ್ನು ಉಸಿರಾಡುತ್ತಾನೆ. ಶ್ವಾಸಕೋಶದ ಗುಳ್ಳೆಯೊಂದರಲ್ಲಿ ಆ ಗಾಳಿ ಸಿಲುಕಿದರೆ, ಮೇಲೇರುವಾಗ ಅದು ಹಿಗ್ಗಿ ಗುಳ್ಳೆಯನ್ನು ಸೀಳಬಹುದು. ಗಾಳಿಯು ರಕ್ತನಾಳವನ್ನು ಹೊಕ್ಕು ಮೆದುಳಿಗೂ ಮುಟ್ಟಬಹುದು. ಆಳವೇ ಅಪಾಯ, ಮೇಲ್ಮೈ ಸುರಕ್ಷಿತ ಎಂಬ ಭಾವನೆ ಇಲ್ಲಿ ತಲೆಕೆಳಗಾಗುತ್ತದೆ. ಮೂವತ್ತು ಮೀಟರಿನಿಂದ ಇಪ್ಪತ್ತಕ್ಕೆ ಏರುವಾಗ ಅನಿಲ ಹಿಗ್ಗುವುದು ಮೂರನೆಯ ಒಂದು ಪಾಲು. ಕೊನೆಯ ಹತ್ತು ಮೀಟರಿನಲ್ಲಿ ಎರಡು ಪಟ್ಟು. ಮೊದಲನೆಯ ಪ್ರಶ್ನೆಗೂ ಎರಡನೆಯದಕ್ಕೂ ಇಲ್ಲಿ ಉತ್ತರ ಪ್ರತಿಕೂಲ. ಆದುದರಿಂದ ಕಾರಣವಿಲ್ಲದೆ ಶ್ವಾಸಕೋಶ ಕುಸಿದವರು ಎದೆಯ ಎರಡೂ ಬದಿಗೆ ಖಚಿತವಾದ ಶಸ್ತ್ರಚಿಕಿತ್ಸೆಯಾಗಿ, ಮುಳುಗುವೈದ್ಯದಲ್ಲಿ ಪರಿಣತರಾದವರು ಪರೀಕ್ಷಿಸಿ ಒಪ್ಪದ ಹೊರತು, ಸಿಲಿಂಡರ್ ಕಟ್ಟಿ ಮುಳುಗುವುದನ್ನು ಶಾಶ್ವತವಾಗಿ ಬಿಡಬೇಕೆಂದು ತಜ್ಞರು ಹೇಳುತ್ತಾರೆ. ಮೇಲ್ಮೈಯ ಈಜಿಗೆ ಈ ನಿಷೇಧವಿಲ್ಲ.

೬. ಮೂದಲಿಕೆ ಮತ್ತು ಮೌನ

ರನ್ನನ ಕಾವ್ಯವನ್ನು ಓದಿದವರಿಗೆ ವೈಶಂಪಾಯನ ಸರೋವರದ ಸನ್ನಿವೇಶ ನೆನಪಾಗದಿರದು. ನೀರೊಳಗೆ ಅಡಗಿ ಕಾಲ ಕಳೆಯಬೇಕಾಗಿದ್ದ ದುರ್ಯೋಧನನು ಭೀಮನ ಮೂದಲಿಕೆಯನ್ನು ತಡೆಯಲಾರದೆ ಎದ್ದುಬರುತ್ತಾನೆ. ಅವನ ಛಲವನ್ನು ನಾವು ಮೆಚ್ಚುತ್ತೇವೆ. ಆದರೆ ಅವನ ಕೊನೆಗೆ ದಾರಿಯಾದುದು ಕಾಯಬೇಕಾದ ವೇಳೆ ಮುಗಿಯುವ ಮುನ್ನವೇ ಎದ್ದುಬಂದದ್ದು. ಶ್ವಾಸಕೋಶ ಕುಸಿದ ತರುಣನ ಅನುಭವದಲ್ಲಿಯೂ ಗೆಳೆಯರ ಮೂದಲಿಕೆಗೆ ದೊಡ್ಡ ಪಾತ್ರವಿದೆ. ಹೊರನೋಟಕ್ಕೆ ಅವನಲ್ಲಿ ಯಾವ ಊನವೂ ಕಾಣದು. ಕಾಲು ಮುರಿದವನಿಗೆ ಪಟ್ಟಿಯಾದರೂ ಸಾಕ್ಷಿ. ಇವನಿಗೆ ಅದೂ ಇಲ್ಲ. 'ಇಷ್ಟಕ್ಕೇ ಹೆದರಿದೆಯಾ' ಎಂಬ ಮಾತಿಗೆ ಅಳುಕಿ ಅವನು ವಾರಗಳ ಮುಂಚೆಯೇ ಹೊರಡುತ್ತಾನೆ, ಅಥವಾ ಮುಳುಗುತಾಣದ ಆರೋಗ್ಯಪತ್ರದಲ್ಲಿ ಶ್ವಾಸಕೋಶ ಕುಸಿದಿತ್ತೇ ಎಂಬ ಪ್ರಶ್ನೆಯೆದುರು 'ಇಲ್ಲ' ಎಂದು ಗುರುತು ಹಾಕುತ್ತಾನೆ. ಆ ಒಂದು ಗುರುತು ಅವನನ್ನು ಕಾಯಬೇಕಾದ ಶಿಕ್ಷಕನ ಕಣ್ಣಿಗೆ ಕಟ್ಟಿದ ಬಟ್ಟೆ.

ಆದುದರಿಂದ ಮರಳುವ ಕ್ರಮದಲ್ಲಿ ಮೊದಲನೆಯದು ಮೌನ ಮುರಿಯುವುದು. ಜೊತೆಯಲ್ಲಿ ಹೋಗುವವರಲ್ಲಿ ಒಬ್ಬರಿಗಾದರೂ ಯಾವ ಬದಿ ಕುಸಿದಿತ್ತು, ಯಾವಾಗ, ಏನು ಚಿಕಿತ್ಸೆ ಎಂಬುದು ತಿಳಿದಿರಬೇಕು. ಹಳೆಯ ಎಕ್ಸ್-ರೇ ವರದಿಯ ಪ್ರತಿ ಚೀಲದಲ್ಲಿರಬೇಕು. ಹೊರಡುವ ಮುನ್ನ ದಾರಿಯಲ್ಲಿ ಎಕ್ಸ್-ರೇ ಮತ್ತು ಕೊಳವೆ ಇಡುವ ಸೌಲಭ್ಯವಿರುವ ಆಸ್ಪತ್ರೆ ಎಲ್ಲಿದೆಯೆಂದು ವಿಚಾರಿಸಿಕೊಂಡಿರಬೇಕು. ಅದೇ ಬದಿಯಲ್ಲಾಗಲಿ ಮತ್ತೊಂದು ಬದಿಯಲ್ಲಾಗಲಿ ಹಠಾತ್ತನೆ ನೋವು, ಉಸಿರುಗಟ್ಟುವಿಕೆ ಕಂಡರೆ, ಮಾಂಸಖಂಡದ ಸೆಳೆತವೆಂದು ಸಮಾಧಾನ ಮಾಡಿಕೊಳ್ಳದೆ ಅಲ್ಲಿಗೇ ನಿಲ್ಲಬೇಕು, ಮೇಲೇರದೆ ಕೆಳಗಿಳಿಯಬೇಕು, ಒರಗಿ ಕುಳಿತಂತೆಯೇ ಆಸ್ಪತ್ರೆಗೆ ಸಾಗಬೇಕು. ಕ್ಷಯವೋ ಬೇರೆ ಶ್ವಾಸಕೋಶದ ರೋಗವೋ ಇದ್ದು ಕುಸಿತವಾದವರಿಗೆ ಮೇಲೆ ಹೇಳಿದ ಅವಧಿಗಳೂ ಸಾಲವು. ಅವರ ವಿಷಯದಲ್ಲಿ ಮೂಲರೋಗದ ಸ್ಥಿತಿಯೇ ನಿರ್ಣಾಯಕ.

ಚರಕನು ಸಾಹಸದ ದೋಷಗಳನ್ನು ಹೇಳಿ ಮುಗಿಸುವಾಗ ಕೆಲಸವನ್ನೇ ಬಿಡೆಂದು ಹೇಳುವುದಿಲ್ಲ. ತನ್ನ ಬಲವನ್ನು ಅಳೆದುಕೊಂಡು, ಅದಕ್ಕೆ ತಕ್ಕಂತೆ ತೊಡಗು ಎನ್ನುತ್ತಾನೆ. ಅಂದು ಬಲವನ್ನು ಅಳೆಯಲು ಮೈಯ ಅನುಭವವೊಂದೇ ಸಾಧನವಾಗಿತ್ತು. ಇಂದು ಎಕ್ಸ್-ರೇ ಇದೆ, ಒತ್ತಡದ ಲೆಕ್ಕವಿದೆ, ಮರುಕಳಿಕೆಯ ಅಂದಾಜಿದೆ. ಅಳೆಯಲು ಇಷ್ಟು ಸಾಧನಗಳಿರುವಾಗ ಮೂದಲಿಕೆಯಿಂದ ಅಳೆದುಕೊಳ್ಳುವುದು ಬೇಡ. ಸಿಂಹಗಡದ ಮೆಟ್ಟಿಲುಗಳು ಮುಂದಿನ ತಿಂಗಳೂ ಇರುತ್ತವೆ.